ಎಂಟು ಬುಟ್ಟಿ ಮಣ್ಣು

ಕೊಡಗಿನ ಮಳೆಗಾಲದಲ್ಲಿ ಸುದ್ದಿಗೆ ಹೋಗುವವರು ಪೆನ್ನು ನಂಬುವುದಿಲ್ಲ. ನಾಲ್ಕು ಹನಿ ಬಿದ್ದರೆ ಶಾಯಿ ಹರಡಿ ಬರೆದದ್ದೆಲ್ಲ ನೀರುಪಾಲು. ಪೆನ್ಸಿಲ್ ಮಾತ್ರ ಒದ್ದೆ ಕಾಗದದ ಮೇಲೂ ನಿಲ್ಲುತ್ತದೆ. ಮಡಿಕೇರಿಯ ಒಂದು ಸಣ್ಣ ಪತ್ರಿಕೆಗೆ ಇಪ್ಪತ್ತೆರಡು ವರ್ಷ ವರದಿ ಬರೆದ ನಾನು ಜೂನ್ ಬಂತೆಂದರೆ ಚೀಲಕ್ಕೆ ಎರಡು ಪೆನ್ಸಿಲ್ ಹಾಕಿಕೊಳ್ಳುತ್ತಿದ್ದೆ. ಅದೇ ಪೆನ್ಸಿಲ್ ತೋರಿಸಿ ನನ್ನನ್ನು ಸುಳ್ಳುಗಾರ್ತಿ ಎನ್ನುವ ದಿನ ಬರುತ್ತದೆಂದು ಯಾರಿಗೆ ಗೊತ್ತಿತ್ತು?

2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ ಸಂಪಾಜೆ ಕಡೆಯ ಒಂದು ಕಾಫಿ ತೋಟಕ್ಕೆ ನಡೆದೇ ಹೋಗಿದ್ದೆ. ಕೂಲಿಯವರ ಮನೆಸಾಲಿನ, ಅಂದರೆ ಲೈನಿನ, ಅರ್ಧ ಭಾಗ ಮಣ್ಣಿನಡಿ ಇತ್ತು. ಸೋಮವಾರಪೇಟೆ ಕಡೆಯಿಂದ ಕೆಲಸಕ್ಕೆ ಬಂದಿದ್ದ ಶಿವಮ್ಮನ ತಂಗಿ ಲಿಂಗಮ್ಮ ಅದರೊಳಗೆ ಸತ್ತಿದ್ದಳು. ಶಿವಮ್ಮ ಅಳದೆ ಮಾತಾಡಿದಳು, ನಾನು ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ. ಮುಗಿದ ಮೇಲೆ, "ನಾನೇ ಹೇಳಿದ್ದು ಅಂತ ಗುರ್ತಿರ್ಲಿ" ಎಂದು ಕೆಸರಾದ ಹೆಬ್ಬೆಟ್ಟನ್ನು ಪುಟದ ಮೇಲೆ ಒತ್ತಿದಳು.

ಮರುದಿನ ಪತ್ರಿಕೆಯಲ್ಲಿ ಬಂದದ್ದು ನಾಲ್ಕು ಸಾಲು. ಗುಡ್ಡ ಕುಸಿದು ಮಹಿಳೆ ಸಾವು, ಅಷ್ಟೇ. ಉಳಿದದ್ದಕ್ಕೆ ಕತ್ತರಿ ಹಾಕಿದವರು ಸಂಪಾದಕ ದೇರಪ್ಪಣ್ಣ. ಬಾಯಿ ಮುಚ್ಚಿಕೊಂಡು ಕೂತವಳು ನಾನು. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿದೆ.

ಏಳು ವರ್ಷ ಕಳೆದು, ನಿವೃತ್ತರಾದ ದೇರಪ್ಪಣ್ಣನೇ ಫೋನ್ ಮಾಡಿದರು. ಆ ದಿನಗಳ ವರದಿಗಾರರ ಮೂಲ ಟಿಪ್ಪಣಿಗಳನ್ನು ಮಡಿಕೇರಿಯಲ್ಲಿ ಪ್ರದರ್ಶನಕ್ಕೆ ಇಡುತ್ತಾರಂತೆ, ಉಸ್ತುವಾರಿ ಅವರದೇ ಅಂತೆ. "ಪ್ರೇಮಾ, ನಿನ್ನ ಟಿಪ್ಪಣಿ ಪುಸ್ತಕ ಇಲ್ಲದಿದ್ದರೆ ಆ ಪ್ರದರ್ಶನವೇ ಸಪ್ಪೆ" ಎಂದರು. ನಾನು ಉಬ್ಬಿಹೋದೆ. ಪುಸ್ತಕ ಕೊಟ್ಟೆ, ಬೇಕಾದಾಗ ವಾಪಸ್ ಪಡೆಯುತ್ತೇನೆಂದು ಬರೆಸಿಕೊಂಡೆ. ಈಗ ಅಮ್ಮತ್ತಿಯ ಹತ್ತಿರ ಕೆಲಸಕ್ಕಿರುವ ಶಿವಮ್ಮನಿಗೂ ಬರಹೇಳಿದೆ.

ಮೊದಲ ದಿನ ಬೆಳಿಗ್ಗೆ ಅವಳು ಇಸ್ತ್ರಿ ಸೀರೆಯುಟ್ಟು ಬಸ್ಸಿಳಿದಳು. ಗಾಜಿನ ಪೆಟ್ಟಿಗೆಯ ಮುಂದೆ ನಿಂತು, "ನನ್ ಮಾತು ಎಲ್ಲೈತಕ್ಕ?" ಎಂದಳು. ತೆರೆದಿದ್ದ ಪುಟದಲ್ಲಿ ಸೈನಿಕರು ಹಗ್ಗ ಕಟ್ಟಿ ಜನರನ್ನು ದಾಟಿಸಿದ ಸುದ್ದಿಯಿತ್ತು. ಉಳಿದ ಪುಟಗಳನ್ನು ಬಿಳಿ ದಾರದಿಂದ ಕಟ್ಟಿಹಾಕಿದ್ದರು. ನನಗೆ ಮೈಯೆಲ್ಲ ಉರಿಯಿತು.

"ದೇರಪ್ಪಣ್ಣ, ಹೆಬ್ಬೆಟ್ಟಿನ ಪುಟ ತೆರೆದಿಡಿ."

"ಒಂದು ಪುಟ ತಾನೇ ಕಾಣ್ಸೋದು ಮಾರಾಯ್ತಿ. ಈ ಹಾಲ್ ಕೊಟ್ಟದ್ದು ಆ ತೋಟದವರೇ, ಗೊತ್ತುಂಟಲ್ಲ. ಸುಮ್ಮನೆ ಯಾಕೆ ತಲೆನೋವು?"

"ತಲೆನೋವು ಇವಳಿಗೆ ಏಳು ವರ್ಷದಿಂದ ಇದೆ."

ಅಷ್ಟರಲ್ಲಿ ಜನ ಸೇರಿದ್ದರು. ದೇರಪ್ಪಣ್ಣ ದನಿ ತಗ್ಗಿಸಿದರು. "ಅದೆಲ್ಲ ಪೆನ್ಸಿಲ್ ಬರಹ. ನಿನ್ನೆ ಅಳಿಸಿ ಇವತ್ತು ಬರೆದದ್ದು ಅಂತ ಅವರು ಹೇಳಿದ್ರೆ ಏನು ಹೇಳ್ತಿ?"

ಅವರು ಹೇಳುತ್ತಾರಂತೆ. ಹೇಳುತ್ತಿದ್ದದ್ದು ಇವರೇ.

"ಪುಸ್ತಕ ನನ್ನದು. ವಾಪಸ್ ಕೊಡಿ" ಎಂದೆ. ಬರೆದುಕೊಟ್ಟ ಕಾಗದ ನನ್ನ ಚೀಲದಲ್ಲೇ ಇತ್ತು. ಅವರು ಬೀಗ ತೆಗೆದರು. ನಾನೇ ದಾರ ಕಿತ್ತು, ಆ ಪುಟ ಬಿಡಿಸಿ, ಪುಸ್ತಕವನ್ನು ಅವರ ಕೈಯಲ್ಲೇ ಇಟ್ಟೆ.

"ನೀವು ನೋಡ್ತಾ ಇರಿ. ಶಿವಮ್ಮನಿಗೆ ಓದಲಿಕ್ಕೆ ಬರೋದಿಲ್ಲ. ಆವತ್ತಿಂದ ನಿಮಗೆ ಕೊಡುವ ತನಕ ಈ ಪುಟ ನನ್ನ ಬೀರು ಬಿಟ್ಟು ಹೊರಗೆ ಬಂದಿಲ್ಲ, ಇವಳಿಗೆ ಯಾರೂ ಓದಿ ಹೇಳಿಲ್ಲ. ಶಿವಮ್ಮ, ಆವತ್ತು ಹೇಳಿದ್ದನ್ನ ಹೇಳಿ."

ಅವಳು ಸೆರಗು ಸರಿಮಾಡಿಕೊಂಡಳು. ಯಾರ ಮುಖವನ್ನೂ ನೋಡಲಿಲ್ಲ.

"ಭಾನ್ವಾರ ಲೈನ್ ಹಿಂದೆ ನೆಲ ಬಿರ್ಕು ಬಿಟ್ಟಿತ್ತು. ನನ್ ಕಾಲು ಮೊಣಕಾಲ್ಗಂಟ ಇಳೀತು. ರೈಟರಿಗೆ ತೋರಿಸ್ದೆ. ಮಣ್ ಹಾಕಿ ಮುಚ್ಚು, ಯಾರ್ಗೂ ಹೇಳ್ಬೇಡ, ಜನ ಹೆದ್ರಿ ಕೆಲ್ಸ ಬಿಟ್ಬಿಡ್ತಾರೆ ಅಂದ್ರು. ನಾನೂ ಲಿಂಗೂನೂ ಎಂಟು ಬುಟ್ಟಿ ಮಣ್ ಹಾಕಿದ್ವಿ. ಆಮೇಲೆ ಲಿಂಗು ಅದ್ರ ಮೇಲೆ ನಿಂತು ತುಳುದ್ಲು."

ದೇರಪ್ಪಣ್ಣನ ಬೆರಳು ಸಾಲಿನಿಂದ ಸಾಲಿಗೆ ಸರಿಯುತ್ತಿತ್ತು. ತೋಟದ ಲೆಕ್ಕ ಬರೆಯುವ ಆ ರೈಟರ್ ಆ ಸಾಲುಗಳಲ್ಲಿದ್ದ, ಎಂಟು ಬುಟ್ಟಿಯೂ ಇತ್ತು. ಕೊನೆಯ ಸಾಲಿನ ಕೆಳಗೆ ಒಣಗಿ ಕಂದಾದ ಹೆಬ್ಬೆಟ್ಟಿನ ಹತ್ತಿರ ಬೆರಳು ನಿಂತಿತು.

"ಇದೇ ಮಾತು ಹೇಗಮ್ಮ ನೆನಪಿದೆ?" ಎಂದು ಯಾರೋ ಕೇಳಿದರು.

"ದಿನಾ ಹೇಳ್ಕಂತೀನಿ" ಎಂದಳು ಶಿವಮ್ಮ. "ಕೇಳೋರು ಇರ್ಲಿಲ್ಲ."

ದೇರಪ್ಪಣ್ಣ ಪುಟದಿಂದ ತಲೆಯೆತ್ತಿದರು. "ಆ ಸಾಲುಗಳನ್ನ ತೆಗೆದದ್ದು ನಾನೇ" ಎಂದರು, ಶಿವಮ್ಮನಿಗೆ, ನನಗಲ್ಲ. ಪುಸ್ತಕವನ್ನು ಅದೇ ಪುಟದಲ್ಲಿ ತೆರೆದು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು. ಕೀಲಿಯನ್ನು ನನ್ನ ಕೈಗೆ ಕೊಟ್ಟು, "ಹಾಲ್‌ನವರು ಮಧ್ಯಾಹ್ನ ಬರ್ತಾರೆ. ಪುಟ ತಿರುಗಿಸು ಅಂತಾರೆ" ಎಂದರು.

ನಾನು ಪೆಟ್ಟಿಗೆಯ ಪಕ್ಕಕ್ಕೆ ಎರಡು ಕುರ್ಚಿ ಎಳೆದೆ, ಒಂದು ಶಿವಮ್ಮನಿಗೆ. ಚೀಲದಿಂದ ಹೊಸ ಪುಸ್ತಕ ತೆಗೆದು ಪೆನ್ಸಿಲ್ ಚೂಪು ಮಾಡತೊಡಗಿದೆ. ಬರಲಿ. ಅವರು ಹೇಳುವುದನ್ನೂ ಹೇಳಿದ ಹಾಗೇ ಬರೆದುಕೊಳ್ಳಬೇಕಲ್ಲ.