ಮಡಿಕೆ ಮುರಿಯದ ಸೀರೆ

ಸುಮಲತಾ ಸೀರೆಯನ್ನು ಅದರ ಮೊದಲಿನ ಗೆರೆಗಳ ಮೇಲೆಯೇ ಮಡಚುತ್ತಿದ್ದಳು. ಒಂದು ಬೆರಳಷ್ಟು ಅತ್ತಿತ್ತ ಆದರೂ ಯಾರೋ ಉಟ್ಟಿದ್ದೆಂದು ಗೊತ್ತಾಗಿಬಿಡುತ್ತದೆ. ಸೊಂಟದ ಹತ್ತಿರ ಬೆವರು ಹತ್ತಿದ್ದ ಕಡೆ ಆಗಲೇ ಒದ್ದೆ ಬಟ್ಟೆಯಿಂದ ಒರೆಸಿ, ಪೌಡರ್ ಉದುರಿಸಿ, ಝಾಡಿಸಿದ್ದಳು. ಪೌಡರು, ಬೆವರು, ಹೊಸ ಬಟ್ಟೆಯ ಗಂಜಿ ಮೂರೂ ಕಲೆತ ವಾಸನೆ ಇನ್ನೂ ಏಳುತ್ತಿತ್ತು. ತನ್ನದೇ ಮೈಯ ವಾಸನೆಯನ್ನು ಕದ್ದ ಮಾಲಿನ ಹಾಗೆ ಅಡಗಿಸುತ್ತಿದ್ದಳು.

ಕೊಟ್ಟೂರಿನ ಬಸವೇಶನ ಅಂಗಡಿಯಲ್ಲಿ ಎಂಟು ವರ್ಷದಿಂದ ಅವಳು ಸೀರೆಗಳಿಗೆ ಫಾಲ್ಸ್ ಹಚ್ಚುತ್ತಿದ್ದಳು. ಎರಡು ತಿಂಗಳ ಹಿಂದೆ ಬಸವೇಶ ಗಿರಾಕಿಗಳ ಮೊಬೈಲಿಗೆ ಕ್ಯಾಟಲಾಗ್ ಕಳಿಸಲು ಶುರುಮಾಡಿದ. "ಗೊಂಬಿಗೆ ಉಡಿಸಿದ್ರ ಯಾರೂ ನೋಡವಲ್ರು. ಸುಮಕ್ಕ, ನೀನ ಉಟ್ಕೊಂಡು ನಿಂದ್ರು" ಅಂದ. ಅಟ್ಟದ ಮೇಲೆ ಬಿಳಿ ಪರದೆ ಕಟ್ಟಿದರು. ಫೋಟೊ ತೆಗೆಯುವ ಹಂಪೇಶ ಬೆನ್ನ ಹಿಂದೆ ಸೀರೆಗೆ ಕ್ಲಿಪ್ಪು ಹಾಕಿಸಿ, ಒಂದು ಕಾಲಿನ ಮೇಲೆ ಭಾರ ಬಿಡುವುದನ್ನು, ಗದ್ದ ತುಸು ಇಳಿಸುವುದನ್ನು ಹೇಳಿಕೊಟ್ಟ. ಮದುವೆಯ ಆಲ್ಬಮ್ ಬಿಟ್ಟರೆ ಯಾರೂ ಅವಳನ್ನು ಅಷ್ಟು ಹೊತ್ತು ನಿಲ್ಲಿಸಿ ನೋಡಿರಲಿಲ್ಲ. ಮೂವತ್ತೇಳನೆಯ ವಯಸ್ಸಿನಲ್ಲಿ ಆ ಬೆಳಕು ಅವಳಿಗೆ ಹಿತವಾಗಿತ್ತು. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ.

ಕ್ಯಾಟಲಾಗ್ ಬಂದಾಗ ಅದರಲ್ಲಿ ಬೇರೆ ಯಾರದೋ ಮುಖವಿತ್ತು. ಹಾಲಿನಂತೆ ಬೆಳ್ಳಗಿನ ಹುಡುಗಿ.

"ಈಕಿ ಯಾರೋ ಹಂಪೇಶ?"

"ನೀನ ಅಕ್ಕಾ! ಮಾರಿ ಒಂದು ಬದ್ಲಿ ಮಾಡೀನಿ. ಕೈ ನಿನ್ನವ ಅದಾವಲ್ಲ, ಬಿಡು."

ಕೈ ಅವಳವೇ. ಸೂಜಿ ಚುಚ್ಚಿ ಚುಚ್ಚಿ ಕಪ್ಪಾದ ಎಡಗೈ ತೋರುಬೆರಳು ಕೂಡ ಹಾಗೆಯೇ ಇತ್ತು. ತನ್ನ ಕುತ್ತಿಗೆಯ ಮೇಲೆ ಕೂತ ಆ ನಗುವನ್ನು ಕಂಡು ಅನ್ನದಲ್ಲಿ ಕೂದಲು ಸಿಕ್ಕಂತಾಗಿತ್ತು. ಆದರೂ ಸುಮ್ಮನಿದ್ದಳು. ಯಾಕೆಂದರೆ ಹರಪನಹಳ್ಳಿಯಲ್ಲಿ ಬಸವೇಶನ ಬೀಗರು ದೊಡ್ಡ ಬಟ್ಟೆ ಅಂಗಡಿ ತೆರೆಯುವವರಿದ್ದರು. ಅವರು ತಿದ್ದದ ಫೋಟೊಗಳನ್ನು ತರಿಸಿ ನೋಡಿ, "ಈ ಹೆಣ್ಮಗಳು ಇದ್ದಂಗ ಬರ್ಲಿ" ಅಂದಿದ್ದರು. ಅವರ ಅಂಗಡಿಯ ಫೋಟೊಗಳಲ್ಲಿ ಅವಳದೇ ಬಣ್ಣ, ಅವಳದೇ ಮುಖ. ಬರುವ ಗುರುವಾರ ಬಸವೇಶನೇ ಕರೆದುಕೊಂಡು ಹೋಗುವವನಿದ್ದ.

ಕೆಳಗಿನಿಂದ ಅವನು ಕೂಗಿದ. "ಸುಮಕ್ಕ, ಆ ಗಿಣಿಹಸರ ಸೀರಿ ತಾ!"

ಅವಳ ಕೈಯಲ್ಲಿದ್ದದ್ದೇ ಅದು. ಒಯ್ದು ಕೊಟ್ಟಳು. ಉಜ್ಜಿನಿಯ ಗಾದೆಮ್ಮ ಗಾದಿಯ ಮೇಲೆ ಕೂತು, ಬೆಳಗ್ಗೆ ತೆಗೆದು ಹಂಪೇಶ ಆಗಲೇ ಮುಖ ಬದಲಿಸಿ ಕಳಿಸಿದ್ದ ಆ ಸೀರೆಯ ಫೋಟೊವನ್ನು ಬಸವೇಶನ ಮೊಬೈಲಿನಲ್ಲಿ ನೋಡುತ್ತಿದ್ದಳು. "ಸೋಮವಾರ ಮಗಳ ಕುಬಸ ಐತಪ್ಪ. ಬಸುರಿ ಹೆಂಗಸು. ಒಬ್ಬರ ಮೈಗೆ ಹತ್ತಿದ್ದು ನಡಿಯಂಗಿಲ್ಲ."

"ಮಡಿಕಿನ ಮುರಿದಿಲ್ಲ ನೋಡ್ರಿ."

"ಮತ್ತ ಈಕಿ ಉಟ್ಕಂಡು ನಿಂತಾಳಲ್ಲ?"

ಬಸವೇಶ ನಕ್ಕ. ಎರಡು ಬೆರಳಿನಿಂದ ಆ ಸೊಂಟವನ್ನು ಪರದೆಯ ತುಂಬ ಹಿಗ್ಗಿಸಿ ಜರಿ ತೋರಿಸಿದ. "ಈಕಿ ಅಂದ್ರ ಯಾರೂ ಇಲ್ಲರೀ ಯಮ್ಮಾ. ಎಲ್ಲಾ ಕಂಪ್ಯೂಟರ್‌ದಾಗ ಮಾಡಿದ್ದು. ಅಲ್ಲಿ ಹೆಂಗಸ ಇಲ್ಲ. ಹೌದಿಲ್ಲೋ ಸುಮಕ್ಕ?"

ಮೂರು ಮಾರು ದೂರದಲ್ಲಿ ಅದೇ ಸೊಂಟ ಹೊತ್ತು ನಿಂತಿದ್ದಳು ಸುಮಲತಾ. ಗಾದೆಮ್ಮ ಅವಳ ಬಾಯಿಯನ್ನೇ ನೋಡಿದಳು.

"ಹೌದ್ರಿ" ಅಂದಳು ಸುಮಲತಾ.

"ನೀ ಹೇಳಿದ್ಯಲ್ಲವ್ವ, ಸಾಕು." ಗಾದೆಮ್ಮ ಎದ್ದು ಅವಳ ಎಡಗೈ ಹಿಡಿದು ತಟ್ಟಿದಳು. ಈಗಷ್ಟೇ ಮೊಬೈಲಿನಲ್ಲಿ ಕಂಡ ಕೈ ಅದೆಂದು ಅವಳಿಗೆ ಹೊಳೆಯಲಿಲ್ಲ. "ನಾಳಿ ಹನ್ನೊಂದರ ಬಸ್ಸಿಗೆ ಬರ್ತೀನಿ. ಫಾಲ್ಸ್ ಹಚ್ಚಿಟ್ಟಿರು."

ಗಾದೆಮ್ಮ ಅಂಗಡಿಯ ಮೆಟ್ಟಿಲಿಳಿದ ಮೇಲೆ ಬಸವೇಶ ಹಂಗಿಸಿದ. "ಒಂದು ಹೌದ್ರಿ ಅನ್ನಾಕ ಇಷ್ಟೊತ್ತೇನ? ಹಂಪೇಶ ನಾಲಿಗಿಗೂ ಕ್ಲಿಪ್ ಹಾಕ್ಯಾನೇನು? ಗುರುವಾರ ಹರಪನಹಳ್ಳ್ಯಾಗ ಹಿಂಗ ನಿಂತ್ಗಂಡಿ ಅಂದ್ರ ನನ್ನ ಮರ್ಯಾದಿ ಹೊಕ್ಕತಿ ನೋಡು."

ಸುಮಲತಾ ಸೀರೆ ಎತ್ತಿಕೊಂಡು ಮೇಲೆ ಹೋದಳು.

ಕಿಟಕಿಯ ಬಳಿ ಕೂತು ಅಂಚು ಬಿಡಿಸಿದಳು. ಭುಜದ ನೆರಿಗೆ ಹಿಡಿದಿದ್ದ ಪಿನ್ನಿನ ಎರಡು ತೂತು ಬೆಳಕಿಗೆ ಕಂಡವು. ಮುಖದ ಹತ್ತಿರ ತಂದರೆ ಪೌಡರಿನ ಕೆಳಗಿನಿಂದ ಅವಳದೇ ವಾಸನೆ ಬಂತು. ಬಸವೇಶನ ಬೆರಳು ನೆನಪಾಗಿ ಸೊಂಟವನ್ನು ತೊಳೆದುಕೊಳ್ಳಬೇಕೆನಿಸಿತು. ಆದರೆ ಅದಕ್ಕಿಂತ ಹೇಸಿಗೆ ಆ 'ಹೌದ್ರಿ'ಯದು. ಅದು ಎಂಜಲಿನ ಹಾಗೆ ಬಾಯಲ್ಲೇ ನಿಂತಿತ್ತು. ಅವರು ಮುಖ ಅಳಿಸಿದಾಗ ತನ್ನನ್ನು ಯಾರೂ ಕೇಳಿರಲಿಲ್ಲ. ಇವತ್ತು ಕೇಳಿದರು, ತಾನೇ ಇಲ್ಲವೆಂದು ತಾನೇ ಒಪ್ಪಿದಳು.

ಸೂಜಿಗೆ ಪೋಣಿಸಿದ ಹಸಿರು ದಾರವನ್ನು ಹಿಂದಕ್ಕೆಳೆದು ಉಂಡೆಗೆ ಸುತ್ತಿದಳು. ನಾಳೆ ಹನ್ನೊಂದಕ್ಕೆ ಗಾದೆಮ್ಮ ಬಂದಾಗ, ಬಸವೇಶ ಅಲ್ಲೇ ಇದ್ದರೂ ಸರಿ, ಈ ಸೀರೆ ಉಟ್ಟವಳು ನಾನು, ಚಿತ್ರದಲ್ಲಿರುವುದೂ ನಾನೇ, ಬೇರೆ ಸೀರೆ ಒಯ್ಯಿರಿ ಎಂದು ಹೇಳುವುದು. ಹೇಳಿದ ಮೇಲೆ ಗುರುವಾರ ಅವನು ಕರೆದೊಯ್ಯುವುದಿಲ್ಲ. ಅದೂ ಗೊತ್ತಿತ್ತು.

"ಸುಮಕ್ಕ, ಫಾಲ್ಸ್ ಆತೇನು?" ಕೆಳಗಿನಿಂದ ದನಿ ಬಂತು.

"ಆಗ್ತೈತ್ರಿ" ಅಂದಳು.

ಸೀರೆಯನ್ನು ಮೊಣಕಾಲ ಮೇಲೆಳೆದುಕೊಂಡು ಮಡಚತೊಡಗಿದಳು. ಈ ಸಲ ಅಂಗಡಿಯ ಗೆರೆಗಳನ್ನು ಹುಡುಕಲಿಲ್ಲ. ಮನೆಯಲ್ಲಿ ಒಗೆದು ಒಣಗಿಸಿದ ತನ್ನ ಸೀರೆಗಳನ್ನು ಮಡಚುವ ಹಾಗೆ, ತುದಿಗೆ ತುದಿ ಸೇರಿಸಿ, ಅಂಗೈಯಿಂದ ಒತ್ತಿ ಒತ್ತಿ ಮಡಚಿದಳು.