ಚಿತ್ರದಲ್ಲಿ ನೆಟ್ಟಗಾದ ಬಾಯಿ

ನನ್ನ ತಂಗಿ ಮಾಯ್‌ಲಿಸ್ ಮೊಬೈಲನ್ನು ಕಾಫಿ ಬಟ್ಟಲಿಗೆ ಒರಗಿಸಿಟ್ಟು, "ನೋಡಕ್ಕ, ಇದು ನಾನೇ," ಎಂದಳು.

ಹಲ್ಲಿನ ಡಾಕ್ಟರು ಕಳಿಸಿದ ಚಿತ್ರ. ಮುಂದಿನ ಹಲ್ಲುಗಳ ನಡುವಿನ ಸಂದು ಮುಚ್ಚಿ, ಮೇಲೆ ಬಿಳಿ ಹೊದಿಕೆ ಕೂರಿಸಿದರೆ ಅವಳು ಹೇಗೆ ಕಾಣುತ್ತಾಳೆಂದು ಕಂಪ್ಯೂಟರಿನಲ್ಲಿ ಮೊದಲೇ ಮಾಡಿ ತೋರಿಸಿದ್ದರು. ಇವಳಿಗೆ ಒಪ್ಪಿಗೆಯಾದರೆ ಗುರುವಾರ ಕೆಲಸ ಶುರು. ಅದಕ್ಕೆ ಗಟ್ಟಿಮುಟ್ಟಾದ ಹಲ್ಲುಗಳನ್ನು ತೇಯ್ದು ಸಣ್ಣ ಮಾಡಬೇಕಂತೆ. ತೇಯ್ದ ಹಲ್ಲು ಮತ್ತೆ ಬೆಳೆಯುವುದಿಲ್ಲ.

ಚಿತ್ರದಲ್ಲಿ ಚೆನ್ನಾಗಿಯೇ ಇದ್ದಳು. ನನಗೆ ಅದೇ ಅನುಮಾನ. ಬೆಳ್ಳಗಿರುವುದೆಲ್ಲ ಹಾಲಲ್ಲ. ನಮ್ಮೂರು ಪಿಟಿಯೋದ ಮಾರುಕಟ್ಟೆಯಲ್ಲಿ ಕಿವಿರು ಎತ್ತಿ ನೋಡದೆ ಒಂದು ಮೀನನ್ನೂ ಕೊಂಡವಳಲ್ಲ ನಾನು.

"ಈ ವಯಸ್ಸಲ್ಲಿ ಯಾರಿಗೆ ತೋರ್ಸೋಕೆ?" ಎಂದೆ.

"ನಿಂಗಂತೂ ಅಲ್ಲ ಬಿಡು."

ಸಿಟ್ಟಿನಲ್ಲೇ ಸಕ್ಕರೆಯ ತುಂಡೊಂದನ್ನು ಮುಂದಿನ ಹಲ್ಲಿನ ಸಂದಿಗೆ ಕಚ್ಚಿಕೊಂಡು, ಅದರ ಮೂಲಕ ಕಾಫಿ ಹೀರಿದಳು. ಅಪ್ಪನೂ ಹಾಗೇ ಕುಡಿಯುತ್ತಿದ್ದ, ನಾನೂ ಹಾಗೇ. ಆದರೆ ಕಳೆದ ಚಳಿಗಾಲದಲ್ಲಿ ಮುಖದ ನರ ಸೋತು ಅವಳ ಬಾಯಿ ವಾರೆಯಾದ ಮೇಲೆ, ಬಲಗಡೆಯಿಂದ ಕಾಫಿ ಸೋರುತ್ತದೆ. ತಲೆಯನ್ನು ಎಡಕ್ಕೆ ವಾಲಿಸಿದರೂ ಒಂದು ಹನಿ ಗಲ್ಲಕ್ಕಿಳಿಯಿತು. ಬೇಗನೆ ಒರೆಸಿಕೊಂಡಳು.

ನಾನು ಆ ಹನಿ ನೋಡಿದೆ, ಮತ್ತೆ ಮೊಬೈಲು ನೋಡಿದೆ. ಚಿತ್ರದಲ್ಲಿ ಬಾಯಿಯ ಎರಡೂ ಕೊನೆ ಒಂದೇ ಮಟ್ಟದಲ್ಲಿದ್ದವು. ಆ ಬಾಯಿಂದ ಕಾಫಿ ಸೋರುವ ಹಾಗೇ ಇರಲಿಲ್ಲ.

"ಗುರುವಾರ ನಾನೂ ಬರ್ತೀನಿ," ಎಂದೆ.

ಡಾಕ್ಟರು ಎಂಬ್ಲಾ ಎಂಬ ಹುಡುಗಿ. ತೀರಾ ಒಳ್ಳೆಯವಳ ಹಾಗೆ ನಗುತ್ತಿದ್ದಳು, ಅದೂ ನನಗೆ ಹಿಡಿಸಲಿಲ್ಲ.

"ಈ ಚಿತ್ರದಲ್ಲಿ ಏನೇನು ಬದಲಾಯಿಸಿದ್ದೀರಮ್ಮ?"

"ಹಲ್ಲು."

"ಬರೀ ಹಲ್ಲಾ?"

ಅವಳು ಪರದೆಯನ್ನು ದಿಟ್ಟಿಸಿದಳು. ನಗು ಇಳಿಯಿತು. "ಮುಖಾನೂ ಒಂಚೂರು ಸಮ ಮಾಡತ್ತೆ ಈ ಕಂಪ್ಯೂಟರು, ತಾನಾಗೇ. ಅದನ್ನ ನಾನು ಮೊದ್ಲೇ ಹೇಳ್ಬೇಕಿತ್ತು."

"ಅದನ್ನ ತೆಗೀರಿ. ಹಲ್ಲು ಮಾತ್ರ ಇರ್ಲಿ."

ಎಂಬ್ಲಾ ಏನನ್ನೋ ಒತ್ತಿದಳು. ಹೊಸ ಹಲ್ಲುಗಳು ಹಾಗೇ ಉಳಿದವು. ಬಾಯಿಯ ಬಲತುದಿ ಮೆಲ್ಲಗೆ ಜೋತುಬಿತ್ತು, ಬಲಗಣ್ಣಿನ ರೆಪ್ಪೆ ಅರ್ಧಕ್ಕಿಳಿಯಿತು.

"ನೋಡ್ದ್ಯಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ್ರಂತೆ," ಎಂದೆ. ನಿಜ ಹೇಳಬೇಕೆಂದರೆ, ಗೆದ್ದೆ ಎಂದು ಒಳಗೊಳಗೇ ಹಿಗ್ಗಿದ್ದೆ.

ಮಾಯ್‌ಲಿಸ್ ಎದೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿಟ್ಟು ಕುರ್ಚಿಯಿಂದ ಎದ್ದಳು. "ನನ್ ಹಲ್ಲು ಇದ್ದಂಗೇ ಇರ್ಲಿ," ಎಂದು ಎಂಬ್ಲಾಗೆ ಹೇಳಿದಳು.

ಕಾರಿನಲ್ಲಿ ನನಗೆ ತಡೆಯಲಾಗಲಿಲ್ಲ. "ನಿಂಗೆ ಗೊತ್ತೇ ಆಗಿರ್ಲಿಲ್ವೇನೇ?"

"ದಿನಾ ಕನ್ನಡಿ ನೋಡೋಳಿಗೆ ಗೊತ್ತಾಗಲ್ವಾ ಅಕ್ಕ? ಗೊತ್ತು ಮಾಡ್ಕೊಳ್ಳೋಕೆ ಇಷ್ಟ ಇರ್ಲಿಲ್ಲ, ಅಷ್ಟೆ."

"ನಾನು ಬರ್ದೇ ಇದ್ದಿದ್ರೆ ಇಷ್ಟೊತ್ತಿಗೆ ಹಲ್ಲು ಹೋಗಿರ್ತಿತ್ತು."

"ಹೌದು. ಹಲ್ಲು ಉಳಿಸ್ದೆ." ಕಿಟಕಿಯಾಚೆ ನೋಡುತ್ತ ಹೇಳಿದಳು. "ಅವತ್ತು ಚಿತ್ರ ತೋರಿಸ್ದಾಗ, ಈಗ್ಲೇ ಚೆನ್ನಾಗಿದ್ದೀಯಲ್ಲೇ ಅಂತ ಒಂದ್ಮಾತು ಅಂದಿದ್ರೂ ಉಳೀತಿತ್ತು."

ಆ ಮಾತು ನನಗೆ ಹೊಳೆದೇ ಇರಲಿಲ್ಲ. ಈಗ ಹೇಳಿದರೆ ಅವಳು ನಂಬುವುದೂ ಇಲ್ಲ, ಎಷ್ಟಾದರೂ ನನ್ನ ತಂಗಿ.

ಮನೆಗೆ ಬಂದು ಕಾಫಿ ಕಾಯಿಸಿದೆ, ಸಕ್ಕರೆಯ ಬಟ್ಟಲನ್ನು ಅವಳತ್ತ ಸರಿಸಿದೆ. ಮಾಯ್‌ಲಿಸ್ ತುಂಡೊಂದನ್ನು ತೆಗೆದುಕೊಂಡಳು. ಆಮೇಲೆ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಮುಖದ ಬಲಭಾಗ ನನಗೆ ಕಾಣದ ಹಾಗೆ ಕೂತು ಕುಡಿದಳು.