ಮೈಮೇಲೆ ಒಂದು ಗೀರೂ ಇರಲಿಲ್ಲ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಬಾಯ್ಲರ್ ಸಿಡಿದ ಸದ್ದು ಆಸ್ಪತ್ರೆಯವರೆಗೂ ಕೇಳಿಸಿತು. ಟ್ರೇಯಲ್ಲಿದ್ದ ಇಕ್ಕಳಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ತುರ್ತು ವಿಭಾಗದಲ್ಲಿ ಮಗುವೊಂದರ ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದ ಪುಟ್ಟಿ ತಲೆಯೆತ್ತಿದಳು.

ಆಸ್ಪತ್ರೆಯಲ್ಲಿ ಅವಳನ್ನು ಯಾರೂ ಪುಟ್ಟಿ ಎನ್ನುತ್ತಿರಲಿಲ್ಲ. ಅಲ್ಲಿ ಅವಳು ಸಿಸ್ಟರ್. ಅದೂ ಎದುರಿಗೆ ಬಂದರೆ ವಾರ್ಡಿನವರು ಮೊಬೈಲನ್ನು ತಟ್ಟನೆ ಜೇಬಿಗಿಳಿಸುವಂಥ ಸಿಸ್ಟರ್. ಪುಟ್ಟಿ ಎನ್ನುವುದು ಮನೆಯ ಹೆಸರು. ಅವಳ ತಲೆಯಲ್ಲಿ ನರೆ ಕಾಣಿಸಿಕೊಂಡ ಮೇಲೂ ಆ ಹೆಸರು ಬಿಡದವನು ಭಾವ, ಅವಳ ಅಕ್ಕನ ಗಂಡ. "ಏನು ಪುಟ್ಟಿ, ಇವತ್ತು ಎಷ್ಟು ಜನಕ್ಕೆ ಸೂಜಿ ಚುಚ್ಚಿ ಪುಣ್ಯ ಕಟ್ಕೊಂಡೆ?" ಎಂದು ಕೆಣಕದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಸಿಡಿದ ಕಾರ್ಖಾನೆಯಲ್ಲಿ ಅವನು ಪೈಪ್ ಫಿಟ್ಟರ್.

ಅವಳು ಭಾವನಿಗೆ ಫೋನ್ ಮಾಡಿದಳು. ರಿಂಗಾಗುತ್ತಲೇ ಇತ್ತು, ಎತ್ತಲಿಲ್ಲ. ಮತ್ತೆ ಮಾಡಿದಳು.

ಅಷ್ಟರಲ್ಲಿ ಡಾಕ್ಟರಮ್ಮ ಕನ್ನಡಕ ಒರೆಸುತ್ತ ಮೆಟ್ಟಿಲಿಳಿದು ಬಂದರು. ಆಕೆ ದೊಡ್ಡ ಸರ್ಜನ್. ಗಡಿಬಿಡಿ ಹೆಚ್ಚಾದಷ್ಟೂ ಆಕೆಯ ದನಿ ಇಳಿಯುತ್ತಿತ್ತು. ಎಲ್ಲರನ್ನೂ ಹತ್ತಿರ ಕರೆದು ಹೇಳಿದರು: "ಕಿರುಚೋರಿಗೆ ಉಸಿರಿದೆ ಅಂತ ಅರ್ಥ. ಸುಮ್ಮನಿರೋರನ್ನ ಮೊದಲು ನೋಡಿ. ರಕ್ತ ಸುರೀತಿದ್ರೆ ಒತ್ತಿ ಹಿಡೀರಿ. ಮೈಗೆ ಏನಾದ್ರೂ ನೆಟ್ಟಿದ್ರೆ ಕೀಳಬೇಡಿ. ಇನ್ನೊಂದು ಮಾತು, ನಡ್ಕೊಂಡು ಬಂದೋರನ್ನೂ ನಾನು ನೋಡದೆ ಮನೆಗೆ ಬಿಡಬೇಡಿ. ಸಿಡಿತದ ಏಟು ಒಳಗೆ ಹೊಕ್ಕು ಕೂತಿರುತ್ತೆ."

ಮೊದಲ ವ್ಯಾನ್ ಬಂತು. ಆಮೇಲೆ ಲೆಕ್ಕವೇ ಇಲ್ಲ. ಸುಟ್ಟ ಬಟ್ಟೆಯ ವಾಸನೆ, ಬಿಸಿ ಬಣ್ಣದ ಘಾಟು, ನೆಲದ ಮೇಲೆ ನೀಲಿ ಹೆಜ್ಜೆಗಳು. ಆ ಗುಂಪನ್ನು ಸೀಳಿಕೊಂಡು, ಕಾರ್ಖಾನೆಯ ಸೂಪರ್‌ವೈಸರನನ್ನು ಮೂಟೆಯಂತೆ ಹೆಗಲ ಮೇಲೆ ಹೊತ್ತು ಭಾವನೇ ಒಳಗೆ ಬಂದ. ತಲೆಯಿಂದ ಕಾಲಿನವರೆಗೂ ಸುಣ್ಣದ ಧೂಳು. ಗೋಡೆಯಿಂದ ಎದ್ದು ಬಂದವನ ಹಾಗೆ ಕಾಣುತ್ತಿದ್ದ. ಸೂಪರ್‌ವೈಸರನನ್ನು ಮಂಚಕ್ಕಿಳಿಸಿದ. ಪುಟ್ಟಿ ಭಾವನ ಕೈ, ಕತ್ತು, ಬೆನ್ನು ಎಲ್ಲ ಸವರಿ ನೋಡಿದಳು. ಎಲ್ಲೂ ಒಂದು ಗೀರಿಲ್ಲ.

"ಭಾವ, ಎಲ್ಲಿದ್ರಿ ನೀವು? ಏನಾಯ್ತು?"

"ಕೆಂಡ ಒಳಗೇ ಉಳಿದ, ಪುಟ್ಟೀ!" ಎಂದು ಅವನು ಕಿರುಚಿದ. ಇಡೀ ಕೋಣೆ ತಿರುಗಿ ನೋಡಿತು. "ನಾನು ಬಾಗಿಲಲ್ಲಿದ್ದೆ! ಅವನು ಒಳಗಿದ್ದ! ಮೈ ಮುಟ್ಟಿ ನೋಡ್ದೆ, ಹೋಗಿಬಿಟ್ಟಿದ್ದ!"

ಕೆಂಡ ಎಂದರೆ ಬಾಯ್ಲರ್ ನೋಡಿಕೊಳ್ಳುತ್ತಿದ್ದ ಕೆಂಡಣ್ಣ. ಒಲೆಯ ಮುಂದೆಯೇ ಆಯುಷ್ಯ ಕಳೆದವನಿಗೆ ಆ ಹೆಸರು ಅಂಟಿತ್ತು. ಭಾವನಿಗೆ ಅವನು ಒಡಹುಟ್ಟಿದವನಿಗಿಂತ ಹೆಚ್ಚು. ದುಃಖದಲ್ಲಿ ಕೂಗುತ್ತಿದ್ದಾನೆ ಎಂದುಕೊಂಡಳು ಪುಟ್ಟಿ. ಯಾರಾದರೂ ಹಾಗೇ ಅಂದುಕೊಳ್ಳುತ್ತಿದ್ದರು.

"ಇಲ್ಲಿ ಕೂತ್ಕೊಳ್ಳಿ. ಡಾಕ್ಟರಮ್ಮ ನೋಡೋವರೆಗೂ ಏಳಬೇಡಿ," ಎಂದು ಗೋಡೆಯ ಬದಿಯ ಬೆಂಚಿನ ಮೇಲೆ ಕೂರಿಸಿದಳು. ಅವನು ಅವಳ ಬಾಯಿಯನ್ನೇ ದಿಟ್ಟಿಸಿ ತಲೆಯಾಡಿಸಿದ. "ನಂಗೇನಾಗಿಲ್ಲ! ಆ ಮಂಚದವನನ್ನ ನೋಡು, ಹೋಗು!"

ಬೆಟ್ಟದಂತೆ ಬಂದದ್ದು ಮಂಜಿನಂತೆ ಕರಗಿತು ಎಂದು ಅವಳಿಗೆ ಎದೆ ಹಗುರವಾಯಿತು. ಅಕ್ಕನಿಗೆ ಫೋನ್ ಮಾಡಿ, "ಭಾವ ನನ್ನ ಹತ್ರಾನೇ ಇದ್ದಾರೆ, ಚೆನ್ನಾಗಿದ್ದಾರೆ," ಎಂದಷ್ಟೇ ಹೇಳಿ ಕೆಲಸಕ್ಕೆ ಬಿದ್ದಳು. ಸೂಪರ್‌ವೈಸರನ ತೊಡೆಯಲ್ಲಿ ತಗಡಿನ ಚೂರೊಂದು ನೆಟ್ಟಿತ್ತು. "ಕಿತ್ತುಬಿಡಿ ತಾಯಿ, ಕಿತ್ತುಬಿಡಿ," ಎಂದು ಅವನು ಗೋಗರೆದ. ಅವಳು ಕೀಳಲಿಲ್ಲ, ಅಲುಗಾಡದಂತೆ ಸುತ್ತಲೂ ಬಟ್ಟೆಯ ಸುರುಳಿಗಳನ್ನಿಟ್ಟು ಬಿಗಿದಳು. ಆವಿಯಲ್ಲಿ ಬೆಂದ ಕೈಗಳ ಮೇಲೆ ತಣ್ಣೀರು ಬಿಟ್ಟಳು. ಯಾರದೋ ಬಳೆ ಕತ್ತರಿಸಿದಳು. ಬೆಂಚಿನ ಕಡೆ ಕತ್ತು ತಿರುಗಿಸಲೂ ಪುರುಸೊತ್ತಿರಲಿಲ್ಲ.

ನಡೆದು ಬಂದವರನ್ನು ನೋಡಲು ಡಾಕ್ಟರಮ್ಮ ಬೆಂಚಿನ ಹತ್ತಿರ ಬಂದಾಗ ಪುಟ್ಟಿ ದೀಪ ಹಿಡಿದು ಪಕ್ಕದಲ್ಲಿ ನಿಂತಳು. ಬಟ್ಟೆ ಮಡಿಸುವ ವಿಭಾಗದ ಹೆಂಗಸೊಬ್ಬಳು ಕೇಳಿದ್ದಕ್ಕೆಲ್ಲ ಗಂಟಲು ಹರಿಯುವಂತೆ ಉತ್ತರಿಸುತ್ತಿದ್ದಳು.

"ಜಗಳಕ್ಕೆ ಬಂದ ಹಾಗೆ ಮಾತಾಡ್ತಾರಲ್ಲ," ಎಂದು ಯಾರೋ ಗೊಣಗಿದರು.

ಡಾಕ್ಟರಮ್ಮ ಅವಳ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. "ಕಿವಿಯ ತಮಟೆ ಒಡೆದಿದೆ. ತಾನು ಕೂಗ್ತಿದೀನಿ ಅಂತ ಇವಳಿಗೇ ಗೊತ್ತಿಲ್ಲ, ಪಾಪ. ಕಿವಿ ಸರಿಯಿದ್ರೂ ಒಳಗೆ ಏಟಾಗಿರಬಹುದು. ಆದ್ರೆ ಕಿವಿ ಒಡೆದೋರನ್ನ ಮಾತ್ರ ಕಣ್ಣಳತೆಯಿಂದ ಆಚೆ ಬಿಡಬೇಡಿ. ಇವಳು ಇಲ್ಲೇ ಇರಲಿ, ಎದೆಯ ಎಕ್ಸ್‌ರೇ ತೆಗೆಸಿ."

ಭಾವನೂ ಹೀಗೇ ಕಿರುಚಿದ್ದು ಪುಟ್ಟಿಗೆ ನೆನಪಾಯಿತು. ಅವಳು ಬೆಂಚಿನ ತುದಿಯತ್ತ ನೋಡಿದಳು. ಭಾವ ಕೂತಿದ್ದ ಜಾಗದಲ್ಲಿ ಬರೀ ಸುಣ್ಣದ ಗುರುತು.

ಅವಳು ಗೇಟಿಗೆ ಓಡಿದಳು. ಕಾವಲುಗಾರ ಹೇಳಿದ: "ಬಿಳೀ ಧೂಳಾಗಿದ್ದೋರಾ? ಆಗಲೇ ಹೋದ್ರಲ್ಲ. ಗೇಟು ಹಿಡ್ಕೊಂಡು ಕೆಮ್ಮುತ್ತಾ ನಿಂತಿದ್ರು. ಇಲ್ಲೇ ಉಗುಳಿದ್ರು ನೋಡಿ. ಬೈಯೋಣ ಅಂದ್ಕೊಂಡೆ, ಪಾಪ, ಈ ಗಲಾಟೇಲಿ ಏನು ಬೈಯೋದು ಅಂತ ಸುಮ್ಮನಾದೆ."

ಅವನು ತೋರಿಸಿದಲ್ಲಿ ಉಗುಳಿನ ನೊರೆಯಿತ್ತು. ನೊರೆಯ ಬಣ್ಣ ಗುಲಾಬಿ.

ಅವಳು ಒಳಗೆ ಓಡಿ ಬಂದು ಎಲ್ಲ ಹೇಳಿದಳು. ಡಾಕ್ಟರಮ್ಮ ಕೈಗವಸು ಎಳೆದುಕೊಳ್ಳುತ್ತಿದ್ದವರು ನಿಂತರು. "ಸಿಡಿದಾಗ ಎಲ್ಲಿದ್ದ ಅವನು?"

"ಬಾಯ್ಲರ್ ರೂಮಿನ ಬಾಗಿಲಲ್ಲಂತೆ."

"ನಾಲ್ಕು ಗೋಡೆ ಮಧ್ಯೆ ಆದ್ರೆ ಆ ಗಾಳಿಯ ಹೊಡೆತ ಗೋಡೆಗೆ ಬಡಿದು ವಾಪಸ್ ಬರುತ್ತೆ. ಶ್ವಾಸಕೋಶ ಒಳಗೇ ಜಜ್ಜಿಹೋಗುತ್ತೆ, ಮೇಲ್ಗಡೆ ಏನೂ ಕಾಣಲ್ಲ. ಹುಡುಕಿಸಿ ಸಿಸ್ಟರ್. ಸಿಕ್ಕರೆ ನಡೆಸಬೇಡಿ, ಕೂರಿಸ್ಕೊಂಡೇ ಕರ್ಕೊಂಡು ಬರಲಿ. ನೀರು ಕೊಡಬಾರದು, ಹೊಟ್ಟೆಗೂ ಏಟಾಗಿರಬಹುದು."

ಫೋನ್ ಮಾಡಿದರೆ ಏನು ಬಂತು? ಕಿವಿ ಕೇಳಿಸದವನ ಜೇಬಿನಲ್ಲಿ ಅದು ಎಷ್ಟು ಬಡಿದುಕೊಂಡರೂ ಅಷ್ಟೇ. ಅವಳು ಅಕ್ಕನಿಗೆ ಮಾಡಿದಳು. ಅಕ್ಕ ಮನೆಯಲ್ಲೇ ಪರದೆ ಹೊಲಿದು ಕೊಡುವವಳು. ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು.

"ಇಲ್ಲಿಗೆ ಬಂದಿಲ್ಲ ಕಣೇ. ಚೆನ್ನಾಗಿದ್ದಾರೆ, ನನ್ನ ಹತ್ರ ಇದ್ದಾರೆ ಅಂತ ನೀನೇ ತಾನೇ ಹೇಳಿದ್ದು?"

"ಚೆನ್ನಾಗಿಲ್ಲ ಅಕ್ಕಾ. ಕೆಂಡಣ್ಣ ಹೋಗಿಬಿಟ್ಟ. ಭಾವನಿಗೆ ಒಳಗೆ ಏಟಾಗಿದೆ, ಅವರಿಗೇ ಗೊತ್ತಿಲ್ಲ. ಎಲ್ಲಿಗೋ ಎದ್ದು ಹೋಗಿದ್ದಾರೆ."

ಹೊಲಿಗೆ ಯಂತ್ರ ನಿಂತಿತು. ಅಕ್ಕ ಮಾತಾಡಿದಾಗ ಅವಳ ದನಿಯೇ ಬೇರೆಯಾಗಿತ್ತು. "ಎಲ್ಲಿ ಹೋಗಿದ್ದಾರೆ ಅಂತ ನಂಗೊತ್ತು. ಕೆಂಡಣ್ಣನ ಹೆಂಡ್ತಿಗೆ ಸುದ್ದಿ ಹೇಳೋಕೆ. ಬೇರೆ ಯಾರ ಬಾಯಿಂದಾದ್ರೂ ಅವಳಿಗೆ ತಿಳಿಯೋಕೆ ಇವರು ಬಿಡ್ತಾರಾ?"

"ಓಡು. ಫೋನ್ ಕಟ್ ಮಾಡಬೇಡ."

ಪುಟ್ಟಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡಳು. ಕೈಗಳು ಒಬ್ಬಾತನ ಸುಟ್ಟ ಬೆನ್ನಿನ ಮೇಲೆ ಶುಭ್ರ ಬಟ್ಟೆ ಹಾಸುತ್ತಿದ್ದವು. ಕಿವಿ ಅಕ್ಕನ ಚಪ್ಪಲಿಯ ಸದ್ದಿನ ಹಿಂದೆ ಓಡುತ್ತಿತ್ತು. ಮೆಟ್ಟಿಲು. ರಸ್ತೆ. ಯಾವುದೋ ಲಾರಿಯ ಹಾರನ್. ಅಕ್ಕನ ಏದುಸಿರು. ಆಮೇಲೆ ಕೆಂಡಣ್ಣನ ಹೆಂಡತಿಯ ದನಿ:

"ಬಾರೇ, ಬಾ! ನಿನ್ನ ಗಂಡನ್ನ ನೋಡು. ಸದ್ದು ಕೇಳಿ ನಾನೂ ಕಾರ್ಖಾನೆ ಕಡೆ ಹೊರಟಿದ್ದೆ, ಅಷ್ಟರಲ್ಲಿ ಇವರು ಬಂದು ಬಾಗಿಲಲ್ಲೇ ಕುಸಿದ್ರು. ಏನೋ ಹೇಳೋಕೆ ಹೋಗ್ತಾರೆ, ಉಸಿರೇ ಸಾಲ್ತಿಲ್ಲ. ನಮ್ಮವರು ಫೋನ್ ಎತ್ತುತ್ತಿಲ್ಲ. ನಿನ್ನ ತಂಗಿಗೇನಾದ್ರೂ ಗೊತ್ತಾ? ತಡಿ, ಮೊದಲು ಇವರಿಗೆ ಚೂರು ನೀರು ಕುಡಿಸ್ತೀನಿ."

"ನೀರು ಬೇಡ!" ಎಂದು ಪುಟ್ಟಿ ಕೂಗಿದಳು. ಬೆನ್ನು ಸುಟ್ಟವನು ಬೆಚ್ಚಿಬಿದ್ದ. "ಅಕ್ಕಾ, ನೀರು ಬೇಡ. ಹೆದರಬೇಡ, ನಾನು ಕೇಳಿದ್ದಕ್ಕೆ ಹೇಳು. ತುಟಿ ಯಾವ ಬಣ್ಣ ಇದೆ?"

"ನೀಲಿ. ಧೂಳಿರಬಹುದು... ಇಲ್ಲ, ಒರೆಸಿದ್ರೂ ನೀಲಿನೇ."

"ನೀನು ಒಂದು ಸಲ ಉಸಿರಾಡೋಷ್ಟರಲ್ಲಿ ಅವರು ಎಷ್ಟು ಸಲ ಆಡ್ತಾರೆ?"

"ಎರಡು. ಅಲ್ಲ, ಮೂರು. ಪುಟ್ಟೀ, ನಂಗೂ ಉಸಿರು ನಿಲ್ತಿಲ್ಲ ಕಣೇ, ಹೆಂಗೆ ಲೆಕ್ಕ ಮಾಡ್ಲಿ?"

"ಸಾಕು. ಬೆನ್ನಿಗೆ ಒತ್ತು ಕೊಟ್ಟು ಕೂರಿಸು. ನಡೆಯೋಕೆ ಬಿಡಬೇಡ. ಕುರ್ಚಿ ಸಮೇತ ಎತ್ಕೊಂಡು ಬನ್ನಿ. ಆಂಬುಲೆನ್ಸ್ ಎಲ್ಲಾ ಕಾರ್ಖಾನೇಲಿವೆ, ಕಾಯಬೇಡ, ಸಿಕ್ಕಿದ ಗಾಡಿ ಹತ್ತಿಸು."

ಸಿಕ್ಕಿದ್ದು ಡ್ರೈವಿಂಗ್ ಸ್ಕೂಲಿನ ಕಾರು. ಅದರ ಮೇಷ್ಟ್ರು ಹುಟ್ಟಿದಂದಿನಿಂದ ಮೂರನೇ ಗೇರು ದಾಟದವರು ಎಂದು ಇಡೀ ಬೀದಿ ಆಡಿಕೊಳ್ಳುತ್ತಿತ್ತು. ಕುರ್ಚಿಯ ಒಂದು ಬದಿಯನ್ನು ಮೇಷ್ಟ್ರು, ಇನ್ನೊಂದು ಬದಿಯನ್ನು ಕೆಂಡಣ್ಣನ ಹೆಂಡತಿ ಹಿಡಿದರು. ಹಿಂದಿನ ಸೀಟಿನಲ್ಲಿ ಭಾವನನ್ನು ಎದೆಗೊರಗಿಸಿ ಕೂರಿಸಿಕೊಂಡವಳೂ ಅವಳೇ. ಅಕ್ಕ ಮುಂದೆ ಕೂತು ಫೋನನ್ನು ಅವಳ ಕಡೆಗೆ ಹಿಡಿದಿದ್ದಳು. ದಾರಿಯುದ್ದಕ್ಕೂ ಪುಟ್ಟಿಗೆ ಕೇಳಿಸಿದ್ದು ಆ ಒಂದೇ ದನಿ. "ಏನಾಗಲ್ಲ ತಮ್ಮಾ. ಇನ್ನೇನು ಬಂತು. ಮೇಷ್ಟ್ರೇ, ಸ್ವಲ್ಪ ಜೋರಾಗಿ ಹೋಗ್ರೀ, ಇವತ್ತೊಂದಿನ!" ಮೇಷ್ಟ್ರು ಅವತ್ತು ಎರಡು ಕೆಂಪು ದೀಪ ದಾಟಿದರು.

ಸ್ಟ್ರೆಚರ್ ಹಿಡಿದು ಪುಟ್ಟಿ ಬಾಗಿಲಲ್ಲೇ ನಿಂತಿದ್ದಳು. ಭಾವನ ಕತ್ತಿನ ನರಗಳು ಹಗ್ಗದಂತೆ ಉಬ್ಬಿದ್ದವು. ಕಣ್ಣುಗಳು ಅವಳನ್ನು ನೋಡುತ್ತಿದ್ದವು, ಆದರೆ ಗುರುತು ಹಿಡಿದಂತೆ ಕಾಣಲಿಲ್ಲ. ಆಮ್ಲಜನಕದ ಮುಖವಾಡ ಹಾಕಿದಳು. ಡಾಕ್ಟರಮ್ಮ ಎದೆಯ ಎಡಕ್ಕೆ ಸ್ಟೆತಸ್ಕೋಪಿಟ್ಟರು, ಬಲಕ್ಕಿಟ್ಟರು, ಮತ್ತೆ ಬಲಕ್ಕೆ.

"ಬಲಗಡೆ ಏನೂ ಕೇಳಿಸ್ತಿಲ್ಲ. ಶ್ವಾಸಕೋಶ ಹರಿದು ಗಾಳಿ ಹೊರಗೆ ತುಂಬ್ಕೊಂಡು ಒತ್ತುತ್ತಿದೆ. ದಪ್ಪ ಸೂಜಿ ಕೊಡಿ."

ಜೀವಮಾನವೆಲ್ಲ ಸಾವಿರಾರು ಸೂಜಿ ಕೊಟ್ಟ ಪುಟ್ಟಿಯ ಕೈ ಆ ಒಂದು ಸೂಜಿಗೆ ತಡಕಾಡಿತು. ಅದು ಪಕ್ಕೆಲುಬುಗಳ ನಡುವೆ ಇಳಿದದ್ದೇ ತಡ, ಸೈಕಲ್ ಟ್ಯೂಬಿನಿಂದ ಬಿಟ್ಟ ಹಾಗೆ ಗಾಳಿ ಬುಸ್ಸೆಂದು ಹೊರಬಂತು. ಭಾವನ ಎದೆ ಒಮ್ಮೆ ಆಳವಾಗಿ ಏರಿತು, ಇಳಿಯಿತು. ಆಮೇಲೆ ಪಕ್ಕೆಗೆ ಕೊಳವೆ ಹಾಕಿ ಅದರ ತುದಿಯನ್ನು ನೀರಿನ ಬಾಟಲಿಗೆ ಸೇರಿಸಿದರು. ಬಾಟಲಿಯಲ್ಲಿ ಗುಳ್ಳೆಗಳು ಏಳತೊಡಗಿದವು. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳ ಮೇಲೆ ಬಿಳಿ ಮಬ್ಬು ಚಿಟ್ಟೆಯ ರೆಕ್ಕೆಯಂತೆ ಹರಡಿತ್ತು.

"ಯಂತ್ರ ಹಾಕಿ ಉಸಿರಾಡಿಸೋಣವೇ?" ಎಂದು ಅರಿವಳಿಕೆಯ ಡಾಕ್ಟರು ಕೇಳಿದರು.

"ಈಗಲೇ ಬೇಡ. ಜೋರಾಗಿ ಗಾಳಿ ತಳ್ಳಿದ್ರೆ ಜಜ್ಜಿದ್ದು ಇನ್ನೂ ಹರಿಯುತ್ತೆ, ರಕ್ತಕ್ಕೂ ಗಾಳಿ ಸೇರಬಹುದು. ತಾನಾಗೇ ಎಳ್ಕೊಳ್ಳೋವರೆಗೂ ಎಳ್ಕೊಳ್ಳಲಿ. ಸಲೈನೂ ಅಳತೆ ಮೀರಬಾರದು. ನೋಡ್ಕೊಂಡು ಕೂರೋಣ."

ನೋಡಿಕೊಂಡು ಕೂರುವುದು. ಅದಕ್ಕಿಂತ ಕಷ್ಟದ ಚಿಕಿತ್ಸೆ ಇಲ್ಲ ಎಂದು ಪುಟ್ಟಿಗೆ ಗೊತ್ತಿತ್ತು.

ಅವಳು ಪರದೆ ಸರಿಸಿ ಹೊರಗೆ ಬಂದಳು. ಅಕ್ಕ ಗೋಡೆಗೊರಗಿ ಮುಖ ಮುಚ್ಚಿಕೊಂಡಿದ್ದಳು. ಕೆಂಡಣ್ಣನ ಹೆಂಡತಿ ನಿಂತೇ ಇದ್ದಳು. ಅವಳ ಸೀರೆಯ ತುಂಬ ಭಾವನ ಮೈಯ ಸುಣ್ಣ, ತೋಳಿನ ಮೇಲೆ ಗುಲಾಬಿ ನೊರೆಯ ಕಲೆ.

"ಉಳೀತಾರಾ?"

"ಈಗ ಸದ್ಯಕ್ಕೆ ಪರವಾಗಿಲ್ಲ. ಸರಿಯಾದ ಹೊತ್ತಿಗೆ ತಂದ್ರಿ ನೀವು."

"ಸರಿ ಹಾಗಾದ್ರೆ." ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ನಮ್ಮವರನ್ನ ಯಾವ ವಾರ್ಡಲ್ಲಿ ಹಾಕಿದ್ದೀರಿ?"

ಪುಟ್ಟಿ ಅಕ್ಕನ ಕಡೆ ನೋಡಿದಳು. ಅಕ್ಕ ಇಲ್ಲವೆಂಬಂತೆ ತಲೆಯಲ್ಲಾಡಿಸಿದಳು. ಅವಳು ಹೇಳಿರಲಿಲ್ಲ, ಹೇಳಲು ಅವಳಿಂದ ಆಗಿರಲಿಲ್ಲ. ಆಸ್ಪತ್ರೆಯ ಸೂಪರಿಂಟೆಂಡೆಂಟರು ಬರಲಿ ಎನ್ನಬಹುದಿತ್ತು. ಇನ್ನೂ ವಿಚಾರಿಸಬೇಕು ಎನ್ನಬಹುದಿತ್ತು. ಪುಟ್ಟಿ ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡಳು.

"ಅವರು ಇಲ್ಲಿಗೆ ಬರಲೇ ಇಲ್ಲ, ಅಮ್ಮ. ಅಲ್ಲೇ ತೀರ್ಕೊಂಡ್ರು. ಭಾವ ಅದನ್ನ ಹೇಳೋಕೇ ನಿಮ್ಮ ಮನೆಗೆ ಬಂದಿದ್ದು."

ಅವಳು ಅಳಲಿಲ್ಲ, ಕೂಗಲಿಲ್ಲ. ಪುಟ್ಟಿಯ ಕೈಯಿಂದ ತನ್ನ ಕೈ ಬಿಡಿಸಿಕೊಂಡು, ನಿಂತಲ್ಲೇ ನಿಧಾನವಾಗಿ ನೆಲಕ್ಕೆ ಕೂತಳು. ಅಕ್ಕ ಬಂದು ಪಕ್ಕದಲ್ಲಿ ಕೂತಳು. ಒಳಗಿನಿಂದ ಯಾರೋ "ಸಿಸ್ಟರ್!" ಎಂದು ಕರೆದರು. ಪುಟ್ಟಿ ಹೋಗಲೇಬೇಕಿತ್ತು, ಹೋದಳು.

ಭಾವನ ಉಸಿರು ಹದಕ್ಕೆ ಬರಲು ಕೆಲವು ದಿನ ಹಿಡಿಯಿತು. ನಡುವೆ ಹೊಟ್ಟೆ ನೋವೆಂದ. ಕರುಳು ತೂತಾಗಿರಬಹುದೆಂದು ಎಲ್ಲರ ಮುಖ ಕಪ್ಪಿಟ್ಟಿತು. ಡಾಕ್ಟರಮ್ಮ ಬಂದು ಬಂದು ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನ್ ಮಾಡಿಸಿದರು, ಹನಿ ನೀರೂ ಕೊಡಬಾರದೆಂದರು. ಪುಟ್ಟಿ ಡ್ಯೂಟಿ ಮುಗಿದ ಮೇಲೂ ಮನೆಗೆ ಹೋಗದೆ ಅವನ ಮಂಚದ ಕಾಲಿಗೆ ಒರಗಿ ಕೂರುತ್ತಿದ್ದಳು. ತೂತಾಗಿರಲಿಲ್ಲ, ಜಜ್ಜಿತ್ತು ಅಷ್ಟೇ. ಹೊಟ್ಟೆ ಮೆತ್ತಗಾಯಿತು, ಕೊಳವೆ ತೆಗೆದರು. ಬಲಗಿವಿ ಮಾತ್ರ ಹೋಯಿತು. ಎಡಗಿವಿಯ ತಮಟೆ ತಾನಾಗಿ ಕೂಡಿಕೊಳ್ಳುವ ಲಕ್ಷಣವಿದೆ ಎಂದರು.

ಕರ್ಮಗಳೆಲ್ಲ ಮುಗಿದ ಮೇಲೆ ಕೆಂಡಣ್ಣನ ಹೆಂಡತಿ ವಾರ್ಡಿಗೆ ಬಂದಳು. ಭಾವ ಎದ್ದು ಕೂರಲು ಹೋದ. ಅವಳು ಬೇಡವೆಂದು ಕೈಯಾಡಿಸಿ ಎಡಗಿವಿಯ ಕಡೆ ಸ್ಟೂಲ್ ಎಳೆದುಕೊಂಡಳು.

"ಅತ್ತಿಗೇ," ಎಂದ ಅವನು.

"ಹೇಳೋಕೆ ಬಂದಿದ್ರಲ್ಲ, ಹೇಳಿ. ನಿಮ್ಮ ಬಾಯಿಂದಲೇ ಕೇಳ್ತೀನಿ."

ಅವನು ಹೇಳಿದ. ಊಟದ ಹೊತ್ತು ಮುಗಿದು ಒಳಗೆ ಹೋದದ್ದು. ಒತ್ತಡದ ಮುಳ್ಳು ನೋಡಿ ಕೆಂಡಣ್ಣ ಹುಬ್ಬು ಗಂಟಿಕ್ಕಿದ್ದು. "ನೀನು ಹೊರಗೆ ಹೋಗಿ ಎಲ್ಲರನ್ನೂ ಆಚೆ ಕಳಿಸು, ನಾನು ಉರಿ ಆರಿಸ್ತೀನಿ" ಎಂದದ್ದು. ತಾನು ಬಾಗಿಲು ಮುಟ್ಟುವಷ್ಟರಲ್ಲಿ ಆದದ್ದು. ಒಂದನ್ನೂ ಬಿಡಲಿಲ್ಲ. ಅವಳು ನೆಲ ನೋಡುತ್ತ ಕೇಳಿದಳು. ಆಮೇಲೆ ಅವನ ಕಿವಿಯ ಹತ್ತಿರ ಬಗ್ಗಿ ಒಂದೇ ಮಾತು ಕೇಳಿದಳು:

"ಅವರು ಊಟ ಮಾಡಿದ್ರಾ ಅವತ್ತು? ಬೆಳಿಗ್ಗೆ ನನ್ನ ಮೇಲೆ ಮುನಿಸ್ಕೊಂಡು ಡಬ್ಬಿ ಬಿಟ್ಟು ಹೋಗಿದ್ರು."

"ಮಾಡ್ದ ಅತ್ತಿಗೆ. ನನ್ನ ಡಬ್ಬೀಲಿ ಅರ್ಧಕ್ಕಿಂತ ಹೆಚ್ಚು ಅವನೇ ತಿಂದ. ನಿಮ್ಮ ಕೈ ರುಚಿ ಇದಕ್ಕಿಲ್ಲ ಅಂತ ಅಂದ್ಕೊಂಡೇ ತಿಂದ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಅತ್ತದ್ದು ಅವತ್ತೇ ಮೊದಲು. ಪುಟ್ಟಿ ಮಂಚದ ಸುತ್ತಲಿನ ಪರದೆಯನ್ನು ಎಳೆದು ಹೊರಗೆ ನಿಂತಳು.